ಅಂಡಿಗೆಯೊಳಗೆ ಕೈ ಹಾಕುತ್ತಿದ್ದ ಪ್ರೊಫೆಸರು

ಪ್ರೊಫೆಸರ್ ಬೆಳ್ಳಟ್ಟಿಯವರ ಕೋಟಿಗೆ ತೋಳು ಎರಡಿದ್ದರೂ ಕೆಳಗಿಳಿದಿರುತ್ತಿದ್ದುದು ಒಂದೇ. ಎಡತೋಳು ಮಣಿಕಟ್ಟಿನವರೆಗೆ ಬಂದು, ಗುಂಡಿ ಹಾಕಿಕೊಂಡು ಗಂಭೀರವಾಗಿ ಇರುತ್ತಿತ್ತು. ಬಲತೋಳು ಮಾತ್ರ ಮೊಣಕೈ ದಾಟಿ ಮೇಲಕ್ಕೆ ಮಡಚಿರುತ್ತಿತ್ತು. ಅವರ ಹೆಂಡತಿ ದಿನಾ ಬೆಳಿಗ್ಗೆ ಅದನ್ನು ಕೆಳಗೆ ಎಳೆದು ಇಸ್ತ್ರಿ ಮಾಡಿ ಕಳಿಸುತ್ತಿದ್ದರಂತೆ. ಇವರು ಓಣಿ ದಾಟುವುದರೊಳಗೆ ಅದು ಮತ್ತೆ ಮೇಲೆ. ಧಾರವಾಡದ ಪಂಡಿತರ ಸಭೆಗಳಲ್ಲೂ ಹಾಗೆಯೇ ಕೂಡುತ್ತಿದ್ದರು, ಇನ್ನೇನು ಎದ್ದು ಹೋಗಿ ಎಮ್ಮೆ ಹಿಂಡುವವರ ಹಾಗೆ.

ಅದು ಹತ್ತಿ ಪೇಟೆಯ ಅಭ್ಯಾಸ. ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿ ಅವರ ಊರು. ಮ್ಯಾಟ್ರಿಕ್ ಮುಗಿಸಿ ಗದಗಿಗೆ ಬಂದವರು ರೈತರ ಹತ್ತಿ ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಮಾಲು ನೋಡುವ ಕೆಲಸಕ್ಕೆ ಸೇರಿದರು. ಗಾಡಿಯ ಮೇಲೆ ಬಂದ ಅಂಡಿಗೆಯ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದ, ಬಾಯಿ ಬಿಚ್ಚಿ, ಭುಜದವರೆಗೆ ಕೈ ಹಾಕಿ, ನಟ್ಟನಡುವಿನಿಂದ ಒಂದು ಹಿಡಿ ಹತ್ತಿ ತೆಗೆಯಬೇಕು. ಅದನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆ ಎಷ್ಟು ಉದ್ದ, ಕಸ ಎಷ್ಟು, ಹಸಿ ಎಷ್ಟು ಎಂದು ಹೇಳಬೇಕು. ಮೇಲೆ ಬೆಳ್ಳಗಿನ ಹತ್ತಿ ತುಂಬಿ ನಡುವೆ ನೀರು ಚಿಮುಕಿಸಿದ ಹತ್ತಿ ತುರುಕುವ ಕಲೆ ಆಗಲೂ ಇತ್ತು. ಒಂದು ದಿನ ಮಾಲಕರ ಬೀಗರ ಅಂಡಿಗೆಯೊಳಗೆ ಕೈ ಹಾಕಿದ ಇವರು, ಹತ್ತು ಜನರೆದುರು “ಹಸಿ ಐತ್ರಿ” ಅಂದುಬಿಟ್ಟರು. ಸಂಜೆಯೊಳಗೆ ಕೆಲಸ ಹೋಯಿತು. ಹಟಕ್ಕೆ ಬಿದ್ದು ಓದಲು ಶುರು ಮಾಡಿ, ಪುಣೆಗೆ ಹೋಗಿ, ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಬಂದರು. “ಬೀಗರ ಹತ್ತಿ ಒಣಗಿತ್ತಂದ್ರ ನಾ ಇವತ್ತಿಗೂ ಪೇಟ್ಯಾಗ ಇರ್ತಿದ್ದೆ. ಅವರ ಪುಣ್ಯೇಲೆ ಪ್ರೊಫೆಸರ ಆದೆ” ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಕಡೆ ಊರೂರಿಗೆ ಕಾಲೇಜು ಬೇಕೆಂಬ ಹುಮ್ಮಸ್ಸು ಎದ್ದಿತ್ತು. ಹೊಸ ಕಾಲೇಜು ತೆರೆದರೆ ವಿಶ್ವವಿದ್ಯಾಲಯದಿಂದ ಮೂರು ಜನ ಪ್ರೊಫೆಸರರ ಸಮಿತಿ ಬಂದು ನೋಡಿ, ಮಾನ್ಯತೆ ಕೊಡಬೇಕೋ ಬೇಡವೋ ಎಂದು ವರದಿ ಬರೆಯುತ್ತಿತ್ತು. ಬೆಳ್ಳಟ್ಟಿಯವರು ಇಂಥ ಸಮಿತಿಗಳ ಕಾಯಂ ಗಿರಾಕಿ. ಜತೆಗೆ ಬರುವವರನ್ನು ರೈಲಿನಲ್ಲಿ ಕೂತ ಕೂಡಲೇ ಇವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಪ್ರೊಫೆಸರ್ ಆಗುವ ಮೊದಲು ಏನು ಮಾಡುತ್ತಿದ್ದಿರಿ ಅಂತ. ಉತ್ತರ ತಿಳಿದರೆ ಅವರು ಕಾಲೇಜಿನಲ್ಲಿ ಏನು ನೋಡುತ್ತಾರೆ ಎಂಬುದು ಮೊದಲೇ ತಿಳಿದ ಹಾಗೆ ಎಂಬುದು ಇವರ ಸಿದ್ಧಾಂತ. ಮೊದಲು ವಕೀಲಿ ಮಾಡಿದವರು ಕಟ್ಟಡದ ಕಾಗದಪತ್ರ ಕೇಳುತ್ತಾರೆ. ಹೈಸ್ಕೂಲ್ ಹೆಡ್‌ಮಾಸ್ತರಾಗಿದ್ದವರು ಗಂಟೆ ಸರಿಯಾಗಿ ಹೊಡೆಯಿತೇ ಎಂದು ಗಡಿಯಾರ ನೋಡುತ್ತಾರೆ. ಮೊದಲಿನಿಂದಲೂ ಪ್ರೊಫೆಸರೇ ಆಗಿದ್ದವರು ಉಪ್ಪಿಟ್ಟು ನೋಡುತ್ತಾರೆ.

ಅಂಥ ಒಂದು ಕಾಲೇಜಿನ ಮೊದಲ ತಂಡದ ವಿದ್ಯಾರ್ಥಿನಿ ನಾನು. ಗದಗಿನ ಹಳೆಯ ಜಿನ್ನಿಂಗ್ ಕಾರಖಾನೆಯ ಉಗ್ರಾಣದಲ್ಲಿ ನಮ್ಮ ತರಗತಿಗಳು ನಡೆಯುತ್ತಿದ್ದವು. ತೊಲೆಗಳ ಸಂದಿನಲ್ಲಿ ಇನ್ನೂ ಹತ್ತಿ ಸಿಕ್ಕಿಕೊಂಡಿತ್ತು. ಗಾಳಿ ಬೀಸಿದರೆ ಅದು ಇಂಗ್ಲಿಷ್ ಅಧ್ಯಾಪಕರ ಟೊಪಿಗೆಯ ಮೇಲೆ ಉದುರಿ, ಅವರು ಪದ್ಯದ ನಡುವೆ ಸೀನುತ್ತಿದ್ದರು. ಬೆಟಗೇರಿಯಿಂದ ನಾವು ಮೂವರು ಹುಡುಗಿಯರು ನಡೆದುಕೊಂಡು ಹೋಗುತ್ತಿದ್ದೆವು. ಅಪ್ಪ ಪುರಸಭೆಯಲ್ಲಿ ಕಾರಕೂನ. ಧಾರವಾಡಕ್ಕೆ ಕಳಿಸುವ ಮಾತೇ ಇಲ್ಲ, ಊರಲ್ಲಿ ಕಾಲೇಜು ನಡೆದರೆ ಓದು, ಇಲ್ಲದಿದ್ದರೆ ಲಕ್ಷ್ಮೇಶ್ವರದವರಿಗೆ ಹೂಂ ಅನ್ನುತ್ತೇನೆ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಲಕ್ಷ್ಮೇಶ್ವರದ ಆ ಮನೆಯವರು ಆಗಲೇ ಒಮ್ಮೆ ಬಂದು ನನ್ನನ್ನು ನೋಡಿ, ಅವಲಕ್ಕಿ ತಿಂದು, ಒಪ್ಪಿಗೆ ಹೇಳಿ ಹೋಗಿದ್ದರು. ಹೀಗಾಗಿ ಕಾಲೇಜಿಗೆ ಮಾನ್ಯತೆ ಬರಲಿ ಎಂದು ನನ್ನಷ್ಟು ಹರಕೆ ಪ್ರಿನ್ಸಿಪಾಲರೂ ಹೊತ್ತಿರಲಿಕ್ಕಿಲ್ಲ.

ಸಮಿತಿ ಬರುವ ದಿನ ಪ್ರಿನ್ಸಿಪಾಲರು ತರಗತಿಯನ್ನು ತಾವೇ ಜೋಡಿಸಿದರು. ಚುರುಕಾಗಿ ಉತ್ತರ ಹೇಳಲು ಎಂಟು ದಿನ ತಾಲೀಮು ಕೊಟ್ಟಿದ್ದ ಹುಡುಗರನ್ನು ಮುಂದಿನ ಬೆಂಚಿಗೆ ಕೂಡಿಸಿದರು. ಎತ್ತರದವರು ಹಿಂದೆ. ಹುಡುಗಿಯರು ನಡುವೆ, ಬಾಯಿ ಮುಚ್ಚಿಕೊಂಡು. ನನಗೆ ಮೈಯೆಲ್ಲ ಉರಿಯಿತು. ಮ್ಯಾಟ್ರಿಕ್ಕಿನಲ್ಲಿ ಆ ಮುಂದಿನ ಬೆಂಚಿನವರೆಲ್ಲರಿಗಿಂತ ಹೆಚ್ಚು ಅಂಕ ನನ್ನವು. ಇಷ್ಟು ಸಾಲದೆಂಬಂತೆ, ಪ್ರಿನ್ಸಿಪಾಲರ ಹಿಂದೆ ದೊಗಳೆ ಕೋಟು ಹಾಕಿಕೊಂಡ ಒಬ್ಬ ಅಪರಿಚಿತರು ನಿಂತಿದ್ದರು. ಮೂರು ತಿಂಗಳಿನಿಂದ ನಮಗೆ ಅರ್ಥಶಾಸ್ತ್ರಕ್ಕೆ ಅಧ್ಯಾಪಕರೇ ಇರಲಿಲ್ಲ. ಮುಂಡರಗಿಯ ಈ ವಕೀಲರನ್ನು ಕರೆತಂದು, ಇವತ್ತೊಂದು ದಿನ ಇವರೇ ನಿಮ್ಮ ಅರ್ಥಶಾಸ್ತ್ರದ ಮಾಸ್ತರು ಎಂದು ನಮಗೆ ತಾಕೀತು ಮಾಡಿದ್ದರು.

ಸಮಿತಿ ಬಂತು. ಒಬ್ಬರು ಬಾಡಿಗೆ ಕರಾರುಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಬ್ಬರು ಹಾಜರಿ ಪುಸ್ತಕ ಎಣಿಸಿದರು. ತೋಳು ಮಡಚಿಕೊಂಡ ಬೆಳ್ಳಟ್ಟಿಯವರು ಗ್ರಂಥಾಲಯಕ್ಕೆ ಹೋಗಿ, ನಡುವಿನ ಕಪಾಟಿನ ನಡುವಿನ ಸಾಲಿನಿಂದ ಒಂದು ಪುಸ್ತಕ ಎಳೆದು ನಡುವೆ ತೆರೆದರು. ಹಾಳೆಗಳ ಅಂಚು ಇನ್ನೂ ಕತ್ತರಿಸಿರಲಿಲ್ಲ, ಅಂದರೆ ಯಾರೂ ಅದನ್ನು ಓದಿರಲಿಲ್ಲ. ಕಿಸೆಯಿಂದ ಚಾಕು ತೆಗೆದು ನಿಂತಲ್ಲೇ ಹಾಳೆ ಕತ್ತರಿಸಿ, ಎರಡು ಪುಟ ಓದಿ, ಚೆನ್ನಾಗಿದೆ ಎಂದು ತಲೆಯಾಡಿಸಿ ವಾಪಸು ಇಟ್ಟರು. ಪ್ರಿನ್ಸಿಪಾಲರು ಅಷ್ಟೊತ್ತೂ ಬೆವರು ಒರೆಸಿಕೊಳ್ಳುತ್ತಿದ್ದರು.

ಆಮೇಲೆ ನಮ್ಮ ತರಗತಿ. ಮುಂದಿನ ಬೆಂಚಿನವರು ಕತ್ತು ಚಾಚಿ ಕೂತರು. ಬೆಳ್ಳಟ್ಟಿಯವರು ಅವರನ್ನು ದಾಟಿ ಸೀದಾ ಒಳಗೆ ಬಂದು ನನ್ನ ಬೆಂಚಿನ ಹತ್ತಿರ ನಿಂತರು. ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ ಮೆತ್ತಗೆ, “ಅರ್ಥಶಾಸ್ತ್ರ ಯಾರು ಹೇಳ್ತಾರ ತಂಗಿ ನಿಮಗ?” ಅಂದರು.

ದೊಗಳೆ ಕೋಟಿನವರು ಒಂದು ಹೆಜ್ಜೆ ಮುಂದೆ ಬಂದರು. ನಾನು ಎದ್ದು ನಿಂತು, “ಇವರನ್ನ ನಾವು ಇವತ್ತ ಮೊದಲ ಸಲ ನೋಡ್ಲಿಕ್ಕತ್ತೇವ್ರಿ ಸರ್” ಅಂದೆ.

ಮುಂಡರಗಿಯ ವಕೀಲರು ಹತ್ತಿರದ ಬೆಂಚಿನ ಮೇಲೆ, ತಾವೂ ವಿದ್ಯಾರ್ಥಿಯೇ ಎಂಬಂತೆ ಕೂತುಬಿಟ್ಟರು. ಪ್ರಿನ್ಸಿಪಾಲರ ಮುಖ ಸುಣ್ಣ ಬಳಿದಂತಾಯಿತು. ಬೆಳ್ಳಟ್ಟಿಯವರು “ಆತು, ಕುಂಡ್ರವಾ” ಎಂದಷ್ಟೇ ಹೇಳಿ ಹೊರಗೆ ಹೋದರು. ಚಹಾ ಕುಡಿದರೆಂದು ಕೇಳಿದೆ.

ತಿಂಗಳೊಪ್ಪತ್ತಿನಲ್ಲಿ ಪತ್ರ ಬಂತು. ಈ ವರ್ಷ ಮಾನ್ಯತೆ ಇಲ್ಲ, ಆದ್ದರಿಂದ ಪರೀಕ್ಷೆಯೂ ಇಲ್ಲ. ಒಂದೇ ದಿನದಲ್ಲಿ ನಾನು ಊರ ಶತ್ರುವಾದೆ. ಬಜಾರಿನಲ್ಲಿ ಜನ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ದಿನಾ ಜತೆಗೆ ನಡೆಯುತ್ತಿದ್ದ ಇಬ್ಬರು ಗೆಳತಿಯರು ಮಾತು ಬಿಟ್ಟರು. ಬೈದಿದ್ದರೆ ನಡೆಯುತ್ತಿತ್ತು, ಪ್ರಿನ್ಸಿಪಾಲರು ಬೈಯಲಿಲ್ಲ. ಎದುರಿಗೆ ಬಂದರೆ ಓಣಿಯ ಇನ್ನೊಂದು ಬದಿಗೆ ಸರಿದು ಹೋಗುತ್ತಿದ್ದರು. ಅಪ್ಪ ಲಕ್ಷ್ಮೇಶ್ವರಕ್ಕೆ ಪತ್ರ ಬರೆಯಲು ಕಾರ್ಡು ತಂದಿಟ್ಟರು.

ಆ ರವಿವಾರವೇ ನಮ್ಮ ಮನೆಯ ಮುಂದೆ ಟಾಂಗಾ ನಿಂತು, ಮಡಚಿದ ತೋಳಿನ ಕೋಟು ಇಳಿಯಿತು. ಬೆಳ್ಳಟ್ಟಿಯವರನ್ನು ಅಂಗಲಾಚಿ ಬೇಡಲು ಧಾರವಾಡಕ್ಕೆ ಹೋಗಿದ್ದ ಪ್ರಿನ್ಸಿಪಾಲರು, ನಿಮ್ಮಿಂದ ಆ ಹುಡುಗಿಯ ಓದೂ ಮುಗಿಯಿತು ನೋಡಿ ಎಂದು ಸಿಟ್ಟಿನಲ್ಲಿ ಹೇಳಿದ್ದರಂತೆ. ಬೆಳ್ಳಟ್ಟಿಯವರು ಚಾಪೆಯ ಮೇಲೆ ಕೂತು, ನೀರು ಕುಡಿದು, ಅಪ್ಪನಿಗೆ ನೇರವಾಗಿ ಹೇಳಿದರು.

“ರಾಯರ, ಅಂಡಿಗ್ಯಾಗ ಕೈ ಹಾಕಿದಾಂವ ನಾನು. ಏನರ ತಪ್ಪಿದ್ರ ಅದು ಕೈಯದು, ಹತ್ತೀದಲ್ಲ. ಒಂದು ವರ್ಷ ತಡೀರಿ.”

ಅಪ್ಪ ಲೋಕ ಕಂಡವರು. ಮುಂದಿನ ವರ್ಷ ಮಾನ್ಯತೆ ಕೊಡಿಸುತ್ತೇನೆಂದು ಮಾತು ಕೊಡುತ್ತೀರಾ ಎಂದು ಕೇಳಿದರು.

“ಮಾಸ್ತರನ್ನ ತಂದಿರದಿದ್ರ ಮುಂದಿನ ವರ್ಷಾನೂ ಇಲ್ಲಂತನ ಬರಿತೀನ್ರಿ” ಅಂದರು ಬೆಳ್ಳಟ್ಟಿಯವರು.

ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಅಳುವೇ ಬಂತು. ಇಷ್ಟು ದೂರ ಬಂದು ಇವರೇನು ಹೇಳುತ್ತಿದ್ದಾರೆ ಅನಿಸಿತು. ಆದರೆ ಅಪ್ಪ ನಕ್ಕರು. ಬೆಳ್ಳಟ್ಟಿಯವರು ಹೋದ ಮೇಲೆ ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟು: ಕಚೇರಿಯಲ್ಲಿ ಇಷ್ಟು ವರ್ಷ ಕೂತೆ, ಆಗುತ್ತದೆ ಆಗುತ್ತದೆ ಎಂದು ಬಾಯಿತುಂಬ ಹೇಳುವವರನ್ನೇ ಕಂಡೆ, ಪರರ ಮನೆಯ ಚಾಪೆಯ ಮೇಲೆ ಕೂತೂ ಸುಳ್ಳು ಹೇಳದವನನ್ನು ಇವತ್ತು ಕಂಡೆ. ಕಾರ್ಡು ಲಕ್ಷ್ಮೇಶ್ವರಕ್ಕೆ ಹೋಗಲಿಲ್ಲ. ಅವ್ವ ಅದರ ಮೇಲೆ ಅಗಸನ ಬಟ್ಟೆಯ ಲೆಕ್ಕ ಬರೆದಳು.

ಮರುವರ್ಷ ಕಾಲೇಜಿಗೆ ನಿಜವಾದ ಅರ್ಥಶಾಸ್ತ್ರದ ಅಧ್ಯಾಪಕರು ಬಂದರು. ಸಮಿತಿಯೂ ಬಂತು. ಬೆಳ್ಳಟ್ಟಿಯವರು ಈ ಸಲ ನನ್ನ ಕಡೆ ತಿರುಗಿಯೂ ನೋಡದೆ, ಹೊಂಬಳದಿಂದ ಬರುತ್ತಿದ್ದ ಒಬ್ಬ ಸಂಭಾವಿತ ಹುಡುಗನನ್ನು ಎಬ್ಬಿಸಿ, ಮಳೆ ಕಡಿಮೆಯಾದರೆ ಜೋಳದ ಧಾರಣೆ ಏನಾಗುತ್ತದೆ ಎಂದು ಕೇಳಿದರು. ಅವನು ಪುಸ್ತಕದ ದೊಡ್ಡ ದೊಡ್ಡ ಶಬ್ದ ಬಳಸಿ, ಐದು ನಿಮಿಷ ಮಾತಾಡಿ, ಕೊನೆಗೆ ಧಾರಣೆ ಇಳಿಯುತ್ತದೆ ಎಂದ. ಬೆಳ್ಳಟ್ಟಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ತಪ್ಪ ಹೇಳಿದ ಖರೆ, ಆದ್ರ ಯಾರೋ ಕಲಿಸ್ಯಾರ” ಎಂದು ಜತೆಯವರಿಗೆ ಹೇಳಿ ಹೊರಗೆ ನಡೆದರು. ಮಾನ್ಯತೆ ಬಂತು. ವಾರ್ಷಿಕ ಸಮಾರಂಭದಲ್ಲಿ ಪ್ರಿನ್ಸಿಪಾಲರೇ ನನಗೆ ಹಾರ ಹಾಕಿ, ಸತ್ಯವಂತೆ ಎಂದು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತೆ. ಅದನ್ನೂ ವಿನಯ ಎಂದೇ ಎಲ್ಲರೂ ತಿಳಿದರು.

ಕರ್ನಾಟಕ ಒಂದಾದ ಮೇಲೆ ಬೆಳ್ಳಟ್ಟಿಯವರು ಸ್ವಲ್ಪ ದಿನ ಹೊಸ ಸಮಿತಿಗಳಲ್ಲಿ ಓಡಾಡಿದರು. ಮುಂಬಯಿ ಕಡೆಯವರು, ಹೈದರಾಬಾದ್ ಕಡೆಯವರು, ಮೈಸೂರಿನವರು ರೈಲಿನ ಒಂದೇ ಡಬ್ಬಿಯಲ್ಲಿ ಕೂತು ಹೋಗುತ್ತಿದ್ದ ಕಾಲ ಅದು. ಎಲ್ಲರೂ ಕನ್ನಡಿಗರೇ, ಆದರೆ ಒಬ್ಬರ ಕನ್ನಡ ಒಬ್ಬರಿಗೆ ತಿಳಿಯದೆ ವರದಿ ಇಂಗ್ಲಿಷಿನಲ್ಲಿ ಬರೆಯುತ್ತೇವೆ ಎಂದು ನಗುತ್ತಿದ್ದರು. ಆಮೇಲೆ ನಿವೃತ್ತರಾಗಿ ಬೆಳ್ಳಟ್ಟಿಗೆ ಹೋದರು.

ಎಂ.ಎ. ಮುಗಿಸಿದ ಮೇಲೆ, ನಮ್ಮ ಕಾಲೇಜಿನಲ್ಲೇ ಅಧ್ಯಾಪಕಿಯಾಗಿ ನೇಮಕವಾದ ಪತ್ರ ಬಂದಾಗ, ಅದನ್ನು ತೋರಿಸಲು ಶಿರಹಟ್ಟಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವರ ಊರಿಗೆ ಹೋದೆ. ಬಹಳ ಇಳಿದಿದ್ದರು. ಕಟ್ಟೆಯ ಮೇಲೆ ಬರೀ ಬನಿಯನ್ ಹಾಕಿಕೊಂಡು ಕೂತಿದ್ದರು, ಕೋಟಿರಲಿಲ್ಲ. ಪತ್ರ ಓದಿ ಸಂತೋಷಪಟ್ಟರು. ರೊಟ್ಟಿ, ಪುಂಡಿಪಲ್ಯ ಊಟ ಆದ ಮೇಲೆ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ನಾನು ಅವರಿಗೆ ಹೇಳಿದೆ. ಆ ದಿನ ನಾನು ಸತ್ಯಕ್ಕಾಗಿ ಬಾಯಿ ಬಿಡಲಿಲ್ಲ, ಮುಂದಿನ ಬೆಂಚಿಗೆ ಕೂಡಿಸಲಿಲ್ಲವೆಂಬ ಸಿಟ್ಟಿಗೆ ಹೇಳಿದೆ ಅಂದೆ.

ಅವರು ಏನೂ ಬೆರಗಾಗಲಿಲ್ಲ. “ಸಿಟ್ಟಿಲೆ ಬಿಡಿಸಿದ್ರೂ ಹತ್ತಿ ಹತ್ತಿನ ಅಲ್ಲೇನವಾ” ಅಂದರು.

ಆಮೇಲೆ ಬೇರೆ ದನಿಯಲ್ಲಿ ಮಾತಾಡಿದರು. “ಖರೆ ಹೇಳಬೇಕಂದ್ರ ನಿನ್ನ ಕೇಳೂ ಗರಜನ ಇರಲಿಲ್ಲ. ಆ ಮುಂಡರಗಿ ವಕೀಲ ನನಗ ಪೇಟ್ಯಾಗಿದ್ದಾಗಿಂದ ಗೊತ್ತು. ಬಾಗಲದಾಗ ಕಾಲಿಟ್ಟಾಗನ ಅಂವನ ಗುರ್ತ ಹಿಡಿದಿದ್ದೆ. ಸುಮ್ಮನ ಬರಕೊಂಡು ಹೋಗಬಹುದಿತ್ತು. ಒಳಗಿನವರು ಯಾರರ ಹೇಳತಾರೇನು ನೋಡೂಣಂತ ಹುಕಿ ಬಂತು ನನಗ. ಊರ ಮಂದಿ ಬೈಗಳಾ ನೀ ತಿಂದಿ. ಅದು ನನ್ನಿಂದ ಆತು ತಂಗಿ.”

ಹೀಗೆ ಹೇಳಿ ಅವರು ನನ್ನ ಮುಖ ನೋಡುತ್ತ ಕೂತರು. ಎಷ್ಟೋ ಕಾಲೇಜಿನವರು ಅವರ ಮುಂದೆ ಹಾಗೆ ಕೂತಿದ್ದರು, ಇವರೇನು ಬರೆಯುತ್ತಾರೋ ಎಂದು. ಆ ದಿನ ಅವರು ನನ್ನ ಮುಂದೆ ಕೂತಿದ್ದರು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಬಿಡಿ ಸರ್, ಆಗಿ ಹೋದದ್ದು ಎಂದು ಚೀಲ ಎತ್ತಿಕೊಂಡು ಓಡಿದೆ.

ಬಸ್ಸು ಊರು ದಾಟುವುದರೊಳಗೆ ಹೇಳಬೇಕಾದದ್ದು ಹೊಳೆಯಿತು. ನೀವು ಕೇಳದಿದ್ದರೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಸರ್ ಎಂದು. ಗದಗಿಗೆ ಹೋದವಳೇ ಬರೆಯಬೇಕಿತ್ತು. ಹೊಸ ಕೆಲಸ, ಪಾಠದ ತಯಾರಿ ಎಂದು ದಿನ ತಳ್ಳಿದೆ. ಕೊನೆಗೆ ಬರೆದು ಹಾಕಿದ ಪತ್ರಕ್ಕೆ ಉತ್ತರ ಬರೆದವನು ಅವರ ಮಗ. ನಿಮ್ಮ ಪತ್ರ ಬಂದಾಗ ಅಪ್ಪ ತೀರಿಕೊಂಡು ಒಂಬತ್ತು ದಿನವಾಗಿತ್ತು, ಅದನ್ನು ನಾನೇ ಒಡೆದು ಓದಿದೆ, ಕ್ಷಮಿಸಿ ಎಂದು ಬರೆದಿದ್ದ.