ಕೊನೆಯ ಹಾಡಿನ ತಾಳ

ನನ್ನ ಮೈಯಲ್ಲಿ ನಾನು ಪೂರ್ತಿ ನಂಬಿದ್ದು ಕಿವಿಯನ್ನು ಮಾತ್ರ. ನಲವತ್ತಕ್ಕೇ ಕನ್ನಡಕ ಬಂತು, ಐವತ್ತಕ್ಕೆ ಮಂಡಿ ಕೈಕೊಟ್ಟಿತು. ಕಿವಿ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ಹೊನ್ನಾವರದ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆಗಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಬೋಟಿನವರಿಗೆ ಐಸ್ ಪುಡಿ ಮಾಡಿ ಕೊಡುವ ಕ್ರಷರ್ ಹಗಲಿಡೀ ಅರಚುತ್ತದೆ, ಅದರ ಹಿಂದೆ ಕಂಪ್ರೆಸರ್ ಗುಡುಗುತ್ತದೆ. ಆ ಗದ್ದಲದಲ್ಲೂ ನಾನು ಕುರ್ಚಿಯಿಂದ ಏಳದೆ ಯಾವ ಬೆಲ್ಟ್ ಸಡಿಲವಾಗಿದೆ ಎಂದು ಹೇಳುತ್ತಿದ್ದೆ, ಹೇಳಿ ಸ್ವಲ್ಪ ಮೆರೆಯುತ್ತಲೂ ಇದ್ದೆ. ಆ ಕಿವಿಗಾಗಿ ನಾನು ಕೂಡಿಟ್ಟದ್ದು ಹಾಡಿನ ಪೆಟ್ಟಿಗೆಗಳನ್ನು.

ಅವೆಲ್ಲ ಒಬ್ಬನೇ ಗಾಯಕನವು. ಅವನು ವಿದೇಶದ ರಾಕ್ ಗಾಯಕ, ಈಗ ಎಂಬತ್ತು ದಾಟಿದ ಮುದುಕ. ಹೊಸ ಹಾಡು ಕಟ್ಟುವುದು ಬಹಳ ಕಡಿಮೆ. ಆದರೆ ಅವನ ಹಳೆಯ ಆಲ್ಬಮ್‌ಗಳು ಒಂದೊಂದಾಗಿ ಡಿಲಕ್ಸ್ ಪೆಟ್ಟಿಗೆಗಳಾಗಿ ಮತ್ತೆ ಮತ್ತೆ ಬರುತ್ತಲೇ ಇವೆ. ಒಂದು ಸಿ.ಡಿ.ಯಲ್ಲಿ ಮೂಲ ಹಾಡುಗಳನ್ನೇ ತೊಳೆದು ಒರೆಸಿ ಕೊಟ್ಟಿರುತ್ತಾರೆ. ಇನ್ನೊಂದರಲ್ಲಿ ಸ್ಟುಡಿಯೋದಲ್ಲಿ ಬೇಡವೆಂದು ಬಿಟ್ಟವು, ನಡುವೆ ಕೆಮ್ಮಿ ನಿಲ್ಲಿಸಿದವು, ಸಾಲು ಮರೆತು ನಕ್ಕವು. ಜೊತೆಗೆ ಎತ್ತಿದರೆ ಕೈ ನೋಯುವಂಥ ಚಿತ್ರಪುಸ್ತಕ, ಯಾವುದೋ ಕಾಲದ ಸಂಗೀತ ಕಛೇರಿಯ ಟಿಕೆಟ್ಟಿನ ನಕಲು. ಅವನು ಕೆಮ್ಮಿದ್ದನ್ನೂ ದುಡ್ಡು ಕೊಟ್ಟು ತಂದು ಕೇಳುವ ಜಾತಿ ನಮ್ಮದು.

“ಅದೇ ಮೀನು, ಬುಟ್ಟಿ ಮಾತ್ರ ಬೇರೆ” ಎನ್ನುತ್ತಾಳೆ ನನ್ನ ಹೆಂಡತಿ.

ನಮ್ಮ ಕಡಲ ಬದಿಯ ಮಳೆಗಾಲದಲ್ಲಿ ಕಾಗದವೆಂಬುದಕ್ಕೆಲ್ಲ ಬೂಸ್ಟು ಹಿಡಿಯುತ್ತದೆ. ಅದಕ್ಕಾಗಿ ಪೆಟ್ಟಿಗೆಗಳಿಗೆ ಒಂದು ಬೇರೆ ಕಪಾಟು ಮಾಡಿಸಿ, ಅದರ ಕೆಳಗಿನ ಅರೆಯಲ್ಲಿ ಹಳೆಯ ಕಾಲದ ಬಲ್ಬೊಂದನ್ನು ಸದಾ ಉರಿಸಿಟ್ಟಿದ್ದೇನೆ. ಬಾಣಂತಿಯನ್ನು ಬೆಚ್ಚಗಿಟ್ಟ ಹಾಗೆ ಇಟ್ಟಿದ್ದಾರೆ ಎಂದು ಅವಳು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ನಗಲಿ. ಆ ಕಪಾಟಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಬಿಸಿಗಾಳಿ ನನಗೆ ಬಹಳ ಇಷ್ಟ.

ಈ ಹುಚ್ಚಿನಲ್ಲಿ ಭಟ್ಕಳದ ಒಬ್ಬ ಗೆಳೆಯನ ಪಾಲೂ ಇದೆ. ಹೊನ್ನಾವರದ ಕಾಲೇಜಿನಲ್ಲಿ ನನ್ನ ಬೆಂಚಿನ ಪಕ್ಕದಲ್ಲಿ ಕೂತವನು. ಮನೆಯಲ್ಲಿ ನವಾಯತಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಉರ್ದು. ಗಲ್ಫಿನಲ್ಲಿದ್ದ ಅವನ ಮಾವ ಯಾರದೋ ರೆಕಾರ್ಡಿನಿಂದ ತುಂಬಿಸಿಕೊಂಡು ಬಂದ ಒಂದು ಕ್ಯಾಸೆಟ್ಟಿನಲ್ಲಿ ನಾವಿಬ್ಬರೂ ಮೊದಲು ಆ ದನಿ ಕೇಳಿದ್ದು. ಮಾತು ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಮೈ ಝುಂ ಎನ್ನುತ್ತಿತ್ತು. ಕೊನೆಯ ಹಾಡು ಮುಗಿಯುವ ಮೊದಲೇ ಟೇಪು ಮುಗಿದಿತ್ತು. ಗಾಯಕ ಒಂದು ಸಾಲು ಎತ್ತಿಕೊಳ್ಳುತ್ತಾನೆ, ಅಷ್ಟರಲ್ಲಿ ಟಕ್ಕೆಂದು ನಿಂತುಬಿಡುತ್ತದೆ. ಆ ಹಾಡು ಹೇಗೆ ಮುಗಿಯುತ್ತದೆ ಎನ್ನುವುದು ಎಷ್ಟೋ ವರ್ಷ ನಮಗೆ ಗೊತ್ತೇ ಇರಲಿಲ್ಲ. ಹೀಗಿರಬಹುದು, ಹಾಗಿರಬಹುದು ಎಂದು ಅವನೊಂದು ಕೊನೆ, ನಾನೊಂದು ಕೊನೆ ಹಾಡಿಕೊಂಡು ಜಗಳವಾಡುತ್ತಿದ್ದೆವು.

ಆ ಆಲ್ಬಮ್ಮಿನ ಮೊದಲ ಡಿಲಕ್ಸ್ ಪೆಟ್ಟಿಗೆ ಬಂದಾಗಲೇ ನಮಗೆ ಕೊನೆ ಕೇಳಿಸಿದ್ದು. ಇಬ್ಬರ ಊಹೆಯೂ ತಪ್ಪಾಗಿತ್ತು. ಗಿಟಾರು ನಿಲ್ಲುತ್ತದೆ, ದನಿ ನಿಲ್ಲುತ್ತದೆ, ಡ್ರಮ್ಮು ನಿಲ್ಲುತ್ತದೆ. ಮೊದಲಿನಿಂದ ಹಿಂದೆಲ್ಲೋ ಸಣ್ಣಗೆ ಬಡಿಯುತ್ತಿದ್ದ, ಬೆರಳಿಗೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಕಂಚಿನ ತಾಳವೊಂದು ತಾನೊಂದೇ ಉಳಿದು, ಸುಮಾರು ಹೊತ್ತು ಬಡಿದು, ದೂರ ಹೋಗುತ್ತದೆ. ಅದನ್ನು ಬಡಿದವನು ಆ ಗಾಯಕನೇ ಎಂದು ಚಿತ್ರಪುಸ್ತಕದಲ್ಲಿ ಬರೆದಿತ್ತು. ಗೆಳೆಯ ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ. ಅಂದಿನಿಂದ ನಾನು ಒಂದನ್ನೂ ಬಿಡದೆ ಪೆಟ್ಟಿಗೆ ಕೂಡಿಡತೊಡಗಿದೆ.

ಪೆಟ್ಟಿಗೆಗಳು ಬರುವುದು ದುಬೈನಲ್ಲಿರುವ ಗೆಳೆಯನ ಭಾವನ ಕೈಯಲ್ಲಿ. ಅಲ್ಲಿಂದ ಊರಿಗೆ ಬರುವವರ ಸಾಮಾನಿನಲ್ಲಿ ತಮ್ಮ ಮನೆಯದಕ್ಕಿಂತ ಹತ್ತು ಮನೆಯವರದ್ದೇ ಹೆಚ್ಚಿರುತ್ತದೆ. ಭಾವ ಮಾತ್ರ ನನ್ನ ಪೆಟ್ಟಿಗೆಯನ್ನು ಮೂಲೆ ಮುರಿಯದ ಹಾಗೆ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಾನೆ. ಗೆಳೆಯನ ಬಟ್ಟೆ ಅಂಗಡಿಯ ಮೇಲೆ ಥಾನುಗಳನ್ನು ಪೇರಿಸಿಟ್ಟ ಕೋಣೆಯಿದೆ. ಸುತ್ತ ಬಟ್ಟೆಯಿರುವುದರಿಂದ ಅಲ್ಲಿ ಸದ್ದು ಎಲ್ಲೂ ಒಡೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನ, ನಮಾಜಿಗೆ ಮುಚ್ಚಿದ ಅಂಗಡಿ ಮತ್ತೆ ತೆರೆಯುವ ಮೊದಲು ಅಲ್ಲಿ ಕೂತು ಹೊಸ ಪೆಟ್ಟಿಗೆ ಒಡೆಯುವುದು ನಮ್ಮ ಪದ್ಧತಿ. ಪ್ಲಾಸ್ಟಿಕ್ಕು ಹರಿಯುವವನು ಅವನು, ಸಿ.ಡಿ. ಹಾಕುವವನು ನಾನು. ಮೊದಲ ಸಲ ಒಬ್ಬನೇ ಕೇಳುವುದಿಲ್ಲ ಎಂದು ಯಾರೂ ಆಣೆ ಹಾಕಿರಲಿಲ್ಲ, ಆದರೆ ಕೇಳುತ್ತಿರಲಿಲ್ಲ.

ಈ ಸಲ ಬಂದದ್ದು ಅದೇ ಕ್ಯಾಸೆಟ್ಟಿನ ಆಲ್ಬಮ್ಮು. ಹೊಸ ಮಿಕ್ಸಿಂಗಿನಲ್ಲಿ, ಹೊಸ ಪೆಟ್ಟಿಗೆಯಲ್ಲಿ, ನಾನು ಕೊಳ್ಳುತ್ತಿರುವುದು ಮೂರನೆಯ ಸಲ. ಗೆಳೆಯ ತಾಯಿಯ ಆಪರೇಷನ್ನಿಗೆಂದು ಮಂಗಳೂರಿನಲ್ಲಿದ್ದ. ಫೋನಿನಲ್ಲಿ ಅವನೇ ಹೇಳಿದ: “ಅಂಗಡೀಲಿ ಕೊಡೂಕೆ ಹೇಳಿದ್ದೆ ಮಾರಾಯ. ತಕೊಂಡು ಹೋಗಿ ಕೇಳು. ನಾ ಬರೂದು ಯಾವಾಗ್ಲೋ.”

ಹೋಗಿ ಪೆಟ್ಟಿಗೆ ತಂದೆ. ಮನೆಯಲ್ಲಿ ಒಬ್ಬನೇ ಕೂತು ನೇರ ಕೊನೆಯ ಹಾಡಿಗೆ ಹೋದೆ. ದನಿ ಎಂದಿಗಿಂತ ಹತ್ತಿರವಿತ್ತು, ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದು ಕಂಡಂತಿತ್ತು. ತಾಳ ಇರಲಿಲ್ಲ. ಮತ್ತೊಮ್ಮೆ ಹಾಕಿದೆ. ಇರಲಿಲ್ಲ. ನನಗೆ ರಕ್ತ ಕುದಿಯಿತು. ಗಾಯಕನ ಬೆರಳಿನ ತಾಳವನ್ನೇ ಒರೆಸಿ ಹಾಕಿದ್ದಾರಲ್ಲ ಎಂದು ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಎಲ್ಲೆಲ್ಲಿಯವರೋ ಬಂದು, ನಮ್ಮದರಲ್ಲಿ ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲ ಎಂದು ಮರ್ಯಾದೆಯಿಂದಲೇ ಹೇಳಿದರು. ಹಾಗಾದರೆ ನನಗೆ ಸಿಕ್ಕಿದ್ದೇ ಕೆಟ್ಟ ಪ್ರತಿ ಎಂದು ತೀರ್ಮಾನಿಸಿ ಗೆಳೆಯನಿಗೆ ಫೋನು ಮಾಡಿದೆ. ಆಸ್ಪತ್ರೆಯಲ್ಲಿದ್ದವನಿಗೆ.

“ಭಾವಂಗೆ ಹೇಳು, ಇದನ್ನ ವಾಪಸ್ ಕೊಡೂಕೆ. ಹಾಳು ಮಾಲು.”

“ಇನ್ನೊಂದ್ಸಲ ಕೇಳಿ ನೋಡು ಮಾರಾಯ.”

“ನನ್ನ ಕಿವಿಗೆ ನೀ ಪಾಠ ಹೇಳೂದು ಬೇಡ.”

ಅವನು “ಆತು” ಎಂದು ಫೋನು ಇಟ್ಟುಬಿಟ್ಟ. ತಾಯಿ ಹೇಗಿದ್ದಾರೆ ಎಂದು ನಾನು ಕೇಳಿಯೇ ಇರಲಿಲ್ಲ.

ಕೆಟ್ಟಿದೆಯೆಂದು ಸಾಬೀತು ಮಾಡಲು ಕಪಾಟಿನಿಂದ ಹಳೆಯ ಪೆಟ್ಟಿಗೆಗಳನ್ನು ತೆಗೆದೆ. ಮೊದಲನೆಯದನ್ನು ಹಾಕಿದೆ. ನಾವಿಬ್ಬರೂ ಕಣ್ಣೊರೆಸಿಕೊಂಡ ಅದೇ ಸಿ.ಡಿ. ಅದರಲ್ಲೂ ತಾಳ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮನುಷ್ಯನ ಬುದ್ಧಿ ಎಷ್ಟು ಮೊಂಡು ಎಂದರೆ, ಆಗಲೂ ನನಗೆ ಹೊಳೆದದ್ದು ಪ್ಲೇಯರ್ ಕೆಟ್ಟಿದೆ ಎಂದೇ. ಸ್ಪೀಕರ್ ಸಮೇತ ಎಲ್ಲವನ್ನೂ ಕಟ್ಟಿಕೊಂಡು ಕುಮಟೆಯ ರಿಪೇರಿ ಅಂಗಡಿಗೆ ಹೋದೆ. ಅವರು ಬಿಚ್ಚಿ ಧೂಳು ಹೊಡೆದು, ಎಲ್ಲ ಸರಿಯಿದೆ ಎಂದು ಕೊಟ್ಟರು. “ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದಿದ್ಳಂತೆ” ಎಂದಳು ಹೆಂಡತಿ. ಅವಳು ಹೇಳಿದ್ದು ನನ್ನ ಹಟಕ್ಕೆ. ಕಿವಿಯ ಸುದ್ದಿ ಅವಳಿಗೂ ಗೊತ್ತಿರಲಿಲ್ಲ.

ಮನೆಗೆ ತಂದು ಮತ್ತೆ ಜೋಡಿಸಿ ಅದೇ ಹಾಡು ಹಾಕಿದೆ. ಅವಳು ಬಾಗಿಲ ಬಳಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು. ಇಷ್ಟು ವರ್ಷದಲ್ಲಿ ನನ್ನ ಗಾಯಕನ ಬಗ್ಗೆ ಒಂದು ಒಳ್ಳೆಯ ಮಾತು ಆಡದವಳು ಅಂದು ಕೈ ನಿಲ್ಲಿಸಿ ಹೇಳಿದಳು: “ಅವ ಕೂಗೂದು ಎಂತದೋ. ಹಿಂದೆ ಗೆಜ್ಜೆ ಹಾಂಗೆ ಟಿಣ್ ಟಿಣ್ ಅಂತ ಬರ್ತದಲ್ಲ, ಅದು ಮಾತ್ರ ಚಂದ ಇದೆ ನೋಡಿ.”

ನನಗೆ ಆ ಸಲವೂ ಒಂದು ಟಿಣ್ ಕೂಡ ಕೇಳಿಸಿರಲಿಲ್ಲ. ಆ ಸಂಜೆ ಅಂಗಳದಲ್ಲಿ ನಿಂತು, ಈ ವರ್ಷ ಜೀರುಂಡೆ ಕಡಿಮೆ ಅಲ್ಲವಾ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. “ಕೂಗ್ತಾ ಉಂಟಲ್ಲ, ಕಿವಿ ಒಡೆದು ಹೋಗೂ ಹಾಂಗೆ” ಎಂದಳು. ಆಮೇಲೆ ಅವಳೇ ನನ್ನನ್ನು ಕುಮಟೆಯ ಕಿವಿ ಡಾಕ್ಟರ ಬಳಿ ಹೊರಡಿಸಿದಳು.

ಒಂದು ಪುಟ್ಟ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮೊದಲು ಗೂಂ ಎನ್ನುವಂಥವು ಬಂದವು, ಒತ್ತಿದೆ. ಆಮೇಲೆ ತುಸು ತೆಳುವಾದವು, ಒತ್ತಿದೆ. ಆಮೇಲೆ ಯಂತ್ರ ನಿಂತಿತು. ಮತ್ತೆ ಶುರು ಮಾಡಲಿ ಎಂದು ಕಾದು ಕೂತೆ. ಗಾಜಿನಾಚೆ ಡಾಕ್ಟರು ಕೈಯಾಡಿಸುತ್ತಲೇ ಇದ್ದರು, ನಡುನಡುವೆ ನನ್ನ ಬೆರಳಿನ ಕಡೆ ನೋಡುತ್ತಿದ್ದರು. ಯಂತ್ರ ನಿಂತಿರಲಿಲ್ಲ.

ಸಣ್ಣ ದನಿಗಳು ಎರಡೂ ಕಿವಿಯಲ್ಲಿ ಹೋಗಿವೆ ಎಂದರು. ಒಂದು ದಿನಕ್ಕೆ ಹೋದದ್ದಲ್ಲ, ವಯಸ್ಸು, ಜೊತೆಗೆ ವರ್ಷಗಟ್ಟಲೆ ಯಂತ್ರದ ಗದ್ದಲ. ವಾಪಸ್ ಬರ್ತದಾ ಎಂದು ಕೇಳಿದೆ. “ಹೋದದ್ದು ಬರೂದಿಲ್ಲ. ಇದ್ದದ್ದನ್ನ ಉಳಿಸ್ಕೊಳ್ಳಿ” ಎಂದರು. ಕಿವಿಗೆ ಹಾಕುವ ಯಂತ್ರ ತೋರಿಸಿದರು. ಅದನ್ನು ಹಾಕಿದರೆ ಹೆಂಡತಿಯ ಮಾತು ಸ್ಪಷ್ಟವಾಗುತ್ತದೆ, ನಿಜ. ನನ್ನ ಗಾಯಕ ಮಾತ್ರ ಎಣ್ಣೆ ಡಬ್ಬದೊಳಗೆ ತಲೆ ಹಾಕಿ ಹಾಡಿದ ಹಾಗಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಆ ತಾಳ ನನ್ನನ್ನು ಬಿಟ್ಟುಹೋದದ್ದು ಯಾವಾಗ? ಹೊಸ ಪೆಟ್ಟಿಗೆ ಬಂದ ಕೂಡಲೇ ಹಳೆಯದನ್ನು ಬಲ್ಬಿನ ಬಿಸಿಗೆ ಇಟ್ಟುಬಿಡುತ್ತಿದ್ದೆ. ಕೂಡಿಟ್ಟಷ್ಟು ನಾನು ಕೇಳಿರಲಿಲ್ಲ. ಕಾಗದಕ್ಕೆ ಬೂಸ್ಟು ಹಿಡಿಯದ ಹಾಗೆ ಇಷ್ಟು ಕಾವಲು ಕಾದವನಿಗೆ ಕಿವಿಯೊಳಗೆ ಆದದ್ದು ತಿಳಿಯಲೇ ಇಲ್ಲ. ಇನ್ನು ಯಾವುದು ಹೋಗುತ್ತದೋ, ಈಗಾಗಲೇ ಯಾವುದು ಹೋಗಿದೆಯೋ ಎಂಬ ಭಯ ಈಗ ಎಲ್ಲಿ ಕೂತರೂ ಜೊತೆಗೇ ಕೂರುತ್ತದೆ. ಫ್ಯಾಕ್ಟರಿಯಲ್ಲಿ ಬೆಲ್ಟಿನ ಬಗ್ಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದೇನೆ.

ಗೆಳೆಯ ಊರಿಗೆ ಬಂದನೆಂದು ತಿಳಿದ ಮೇಲೂ ಹೋಗಲು ಧೈರ್ಯ ಬರಲಿಲ್ಲ. ಅವನೇ ಫೋನು ಮಾಡಿದ. “ಶುಕ್ರವಾರ ಬಾ. ಪೆಟ್ಟಿಗೆ ತಕೊಂಡೇ ಬಾ. ನಾ ಇನ್ನೂ ಕೇಳ್ಲಿಲ್ಲ.”

ಹೋದೆ. ಮೊದಲು ತಾಯಿಯನ್ನು ಕೇಳಿದೆ. ಎದ್ದು ಓಡಾಡುತ್ತಿದ್ದಾರಂತೆ, ಸೊಸೆಯ ಅಡುಗೆಗೆ ಉಪ್ಪು ಕಡಿಮೆ ಎನ್ನುವಷ್ಟು ಚೇತರಿಸಿದ್ದಾರಂತೆ. ಮೇಲಿನ ಕೋಣೆಯಲ್ಲಿ ಥಾನುಗಳ ನಡುವೆ ಕೂತೆವು.

“ಭಾವಂಗೆ ಎಂತ ಹೇಳ್ದೆ?” ಎಂದು ಕೇಳಿದೆ.

“ಎಂತ ಹೇಳೂದು? ತೊಡೆ ಮೇಲೆ ಇಟ್ಕೊಂಡು ತಂದವಂಗೆ? ನಿಂಗೆ ಖುಷಿ ಆತು ಅಂದೆ.”

ಆಗ ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ಗೆಜ್ಜೆ ಹಾಂಗೆ ಎಂದು ಹೆಂಡತಿ ಅಂದದ್ದು, ಜೀರುಂಡೆ. ಅವನು ಎದ್ದು, ನನ್ನ ಕೈಯಿಂದ ಸಿ.ಡಿ. ತೆಗೆದುಕೊಂಡು ತಾನೇ ಹಾಕಿದ. ಅದು ನನ್ನ ಕೆಲಸವಾಗಿತ್ತು. ಪಕ್ಕಕ್ಕೆ ಬಂದು ಕೂತು ನನ್ನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನ ಮೇಲೆ ಒಂದು ಬೆರಳು ಇಟ್ಟ.

ಕೊನೆಯ ಹಾಡು ಶುರುವಾಯಿತು. ತಾಳ ಬರುವಲ್ಲೆಲ್ಲ ಅವನು ಬೆರಳಿನಿಂದ ಮೆತ್ತಗೆ ಬಡಿದ. ನಾನು ಕಣ್ಣು ಮುಚ್ಚಿದೆ. ಕ್ಯಾಸೆಟ್ಟು ಟಕ್ಕೆಂದು ನಿಲ್ಲುತ್ತಿದ್ದ ಸಾಲು ಬಂತು, ದಾಟಿತು. ಗಿಟಾರು ನಿಂತಿತು, ದನಿ ನಿಂತಿತು, ಡ್ರಮ್ಮು ನಿಂತಿತು. ಆಮೇಲೆ ನನಗೆ ಏನೂ ಇರಲಿಲ್ಲ, ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹೋದ ಗುಡುಗು ಬಿಟ್ಟರೆ. ಕಣ್ಣು ಬಿಟ್ಟು ಅವನನ್ನು ನೋಡಿದೆ. ಅವನು ಎತ್ತಲೋ ನೋಡುತ್ತ ಕೇಳುತ್ತಿದ್ದ. ಬೆರಳು ನನ್ನ ಮಣಿಕಟ್ಟಿನ ಮೇಲೆ ಇನ್ನೂ ಬಡಿಯುತ್ತಿತ್ತು.