ಲೋಟದ ಕೆಳಗೆ ಇಟ್ಟ ದುಡ್ಡು ಯಾರದ್ದು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರವಾರದ ಕಡಲ ದಂಡೆಗೆ ಹತ್ತಿರದ ಲಾಡ್ಜೊಂದರ ಮೇಲಿನ ಮಹಡಿಯಲ್ಲಿ ಒಂದು ಕೋಣೆಯವರು ಬೆಳಗಿನ ರೈಲು ಹಿಡಿಯಲು ಹೊರಟುಹೋಗಿದ್ದಾರೆ. ವೈಜಯಂತಿ ಹರಿಕಂತ್ರ ಕಸಬರಿಗೆ, ಬಕೆಟ್ಟು, ಫಿನಾಯಿಲ್ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಬಾಗಿಲು ತೆರೆದೇ ಇದೆ. ಆದರೂ ಒಳಗೆ ಕಾಲಿಡುವುದಿಲ್ಲ. ಮೆಟ್ಟಿಲ ಕಡೆ ಬಗ್ಗಿ, "ಮಾದೇವಣ್ಣಾ, ಒಂದ್ಸಲ ಬಂದು ನಿಲ್ಲಿ" ಎಂದು ಕೂಗುತ್ತಾರೆ.

ರಾತ್ರಿ ಪಾಳಿಯ ಕಾವಲುಗಾರ ಮಾದೇವ ಆಕಳಿಸುತ್ತ ಮೇಲೆ ಬಂದು ಬಾಗಿಲ ಚೌಕಟ್ಟಿಗೆ ಒರಗುತ್ತಾರೆ. "ನಿನ್ನ ಸಾಕ್ಷಿಗೆ ನಿಂತು ನಿಂತು ನನ್ನ ಮೊಣಕಾಲು ಹೋಯ್ತು ಮಾರಾಯ್ತಿ. ಕೋರ್ಟಿನಾಗಾದ್ರೆ ಸಾಕ್ಷಿಗೆ ಭತ್ಯೆ ಆದ್ರೂ ಕೊಡ್ತ್ರು" ಎನ್ನುತ್ತಾರೆ. ವೈಜಯಂತಿ ನಗುವುದಿಲ್ಲ. ಎರಡೂ ಅಂಗೈ ಅಗಲಿಸಿ ಅವರಿಗೆ ತೋರಿಸಿ ಒಳಗೆ ಹೋಗುತ್ತಾರೆ. ಚಾದರ ಎಳೆದು ಕೊಡವುತ್ತಾರೆ. ದಿಂಬು ಎತ್ತುತ್ತಾರೆ. ಮೇಜಿನ ಖಾನೆ ಎಳೆಯುತ್ತಾರೆ. ಒಂದೊಂದು ಸಲವೂ ಬಾಗಿಲ ಕಡೆ ತಿರುಗಿ, ಮಾದೇವ ನೋಡಿದರೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲಷ್ಟೇ ಕಸಬರಿಗೆ ನೆಲ ಮುಟ್ಟುತ್ತದೆ.

ಹೀಗೆ ಮಾಡಬೇಕೆಂದು ಯಾರೂ ಹೇಳಿಲ್ಲ. ಹೋದ ಡಿಸೆಂಬರಿನ ಒಂದು ಬೆಳಿಗ್ಗೆಯಿಂದ ಅವರೇ ತಮಗೆ ಹಾಕಿಕೊಂಡ ಶಿಕ್ಷೆ ಇದು.

ವೈಜಯಂತಿಯವರ ಮನೆ ಅಂಕೋಲೆ ತಾಲೂಕಿನ ಹಾರವಾಡದಲ್ಲಿ. ಗಂಡ ತುಳಸಿದಾಸ ಬೇರೆಯವರ ಬೋಟಿನಲ್ಲಿ ಕಡಲಿಗೆ ಹೋಗುತ್ತಿದ್ದವರು. ಬೆನ್ನುನೋವು ಹಿಡಿದ ಮೇಲೆ ಜಗಲಿಯಲ್ಲಿ ಕೂತು ಹರಿದ ಬಲೆ ಹೊಲಿಯುತ್ತಾರೆ. ಅದು ಎಲ್ಲ ದಿನ ಸಿಗುವ ಕೆಲಸವಲ್ಲ. ಮನೆ ನಡೆಯುವುದು ಹೆಂಡತಿ ಮೊದಲ ಬಸ್ಸು ಹತ್ತುವುದರಿಂದ. ಲಾಡ್ಜಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಕೋಣೆ, ರಜೆಯ ದಿನಗಳಲ್ಲಿ ಅದಕ್ಕೂ ಹೆಚ್ಚು. ಬಚ್ಚಲ ಕೊಳವೆಯಲ್ಲಿ ಕಟ್ಟಿದ ಮರಳನ್ನು ಕೈಯಿಂದಲೇ ತೆಗೆಯಬೇಕು. ಕುಡಿದು ಕಾರಿಕೊಂಡದ್ದನ್ನು ಬಳಿಯಬೇಕು. ಸಂಬಳ ಎಷ್ಟೆಂದು ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಇಲ್ಲಿ ಅಚ್ಚು ಹಾಕಿದರೆ ನಾಚಿಕೆ ಆಗಬೇಕಾದದ್ದು ಅವರಿಗಲ್ಲ.

ಆ ಸಂಬಳಕ್ಕೆ ಊರುಗೋಲಾಗಿ ಇದ್ದದ್ದು ಭಕ್ಷೀಸು. ವೈಜಯಂತಿ, ಜೊತೆಗೆ ಕೆಲಸ ಮಾಡುವ ಹೀರಾ, ತಿಮ್ಮಿ ಮೂವರೂ ಸಿಕ್ಕಿದ್ದನ್ನು ಒಂದೇ ಡಬ್ಬಿಗೆ ಹಾಕಿ ಶನಿವಾರ ಹಂಚಿಕೊಳ್ಳುತ್ತಿದ್ದರು. ಹೀರಾ ಅವರ ತಾಯಿಯ ಸಕ್ಕರೆ ಕಾಯಿಲೆಯ ಔಷಧಿ ಬರುತ್ತಿದ್ದದ್ದು ಆ ಡಬ್ಬಿಯಿಂದ. ಮೂವರೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಕೋಣೆ ಖಾಲಿಯಾದ ಮೇಲೆ ದಿಂಬಿನಡಿ, ಖಾನೆಯೊಳಗೆ ಸಿಕ್ಕಿದ್ದು ಮರೆತು ಹೋದದ್ದು. ಹಾಗೇ ತಂದು ಮ್ಯಾನೇಜರ್ ಕೈಗೆ ಕೊಡಬೇಕು. ಮೇಜಿನ ಮೇಲೆ ನೀರಿನ ಲೋಟದ ಕೆಳಗೆ ಮಡಚಿ ಇಟ್ಟದ್ದು ಗುಡಿಸುವವರದ್ದು. ಈ ಕಟ್ಟುಪಾಡನ್ನು ಪಾಲಿಸಿಯೇ ವೈಜಯಂತಿ ಒಮ್ಮೆ ದಿಂಬಿನಡಿ ಸಿಕ್ಕ ಬಂಗಾರದ ಬಳೆ ತಂದುಕೊಟ್ಟಿದ್ದಾರೆ. ಬಳೆಯ ಯಜಮಾನಿ ಫೋನಿನಲ್ಲಿ ಮ್ಯಾನೇಜರಿಗೆ ಥ್ಯಾಂಕ್ಸ್ ಹೇಳಿದರು.

ಬಾಯಿ ಬಿಟ್ಟು ಕೇಳದೆ, ಬಾಯಿ ಬಿಟ್ಟು ಹೇಳದೆ ಕೊಡುವುದು ತೆಗೆದುಕೊಳ್ಳುವುದು ಇವರಿಗೆ ಹೊಸದಲ್ಲ. ಊರೆಲ್ಲ ಸೇರಿ ರಂಪಣಿಯೆಂಬ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವ ದಂಡೆಯಲ್ಲಿ ಬೆಳೆದವರು. ಹಗ್ಗಕ್ಕೆ ಕೈ ಹಚ್ಚಿದ ಪ್ರತಿಯೊಬ್ಬರ ಪಾಲೂ ಮರಳಿನ ಮೇಲೆ ಗುಪ್ಪೆಯಾಗಿ ಬೀಳುತ್ತಿತ್ತು. ಬಲೆಯ ಯಜಮಾನ 'ತಕ್ಕೋ' ಅನ್ನುತ್ತಿರಲಿಲ್ಲ, ಎಳೆದವರು 'ಇದು ನನ್ನದಾ' ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಯಜಮಾನನ ನಿಯತ್ತಿನ ಮೇಲೆ ಸಂಶಯಪಟ್ಟ ಹಾಗೆ. ತಲೆ ತಗ್ಗಿಸಿ ಬುಟ್ಟಿಗೆ ತುಂಬಿಕೊಂಡು ಮನೆಗೆ ನಡೆಯುವುದೇ ಮರ್ಯಾದೆ. ಆ ಮರ್ಯಾದೆಯನ್ನೇ ವೈಜಯಂತಿ ಲಾಡ್ಜಿಗೂ ತಂದರು. ಕೆಟ್ಟದ್ದು ಅಲ್ಲೇ.

ಡಿಸೆಂಬರಿನಲ್ಲಿ ಘಟ್ಟದ ಮೇಲಿನಿಂದ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಒಂದು ಸಣ್ಣ ಹುಡುಗಿ. ಸಂಜೆಯ ಹೊತ್ತಿಗೆ ಮಗುವಿಗೆ ವಾಂತಿ ಶುರುವಾಯಿತು. ವೈಜಯಂತಿ ಕೊನೆಯ ಬಸ್ಸಿನ ಆಸೆ ಬಿಟ್ಟು ನಿಂತರು. ಚಾದರ ಬದಲಿಸಿದರು, ತೊಳೆದರು, ಮತ್ತೆ ಬದಲಿಸಿದರು. ಅಡುಗೆಮನೆಗೆ ಹೋಗಿ ಅಕ್ಕಿ ಗಂಜಿ ಬೇಯಿಸಿ, ಉಪ್ಪು ಹಾಕಿ, ಚಮಚದಿಂದ ಕುಡಿಸಿದರು. ಮಗು ನಿದ್ದೆ ಹೋಯಿತು. ಅದರ ತಾಯಿ ಕೈ ಹಿಡಿದುಕೊಂಡು, ಅಕ್ಕಾ ನಿಮ್ಮ ಉಪಕಾರ ಮರೆಯುವುದಿಲ್ಲ ಎಂದರು.

ಮಾರನೆಯ ಬೆಳಿಗ್ಗೆ ಅವರು ಸಾಮಾನು ಕಾರಿಗೆ ಹಾಕಿ ಕೆಳಗೆ ತಿಂಡಿಗೆ ಕೂತರು. ಕೋಣೆ ಖಾಲಿ ಎಂದು ಕೌಂಟರಿನಿಂದ ಹೇಳಿಕಳಿಸಿದರು. ವೈಜಯಂತಿ ಒಳಗೆ ಹೋದರೆ ಲೋಟದ ಕೆಳಗೆ ಐನೂರರ ಎರಡು ನೋಟು.

"ನಾ ಒಂದ್ಗಳಿಗೆ ನಿಂತೆ. ಇಷ್ಟೊಂದು ಯಾರೂ ಇಡೂದಿಲ್ಲ. ಆಮೇಲೆ, ಮಗೂಗೆ ಗಂಜಿ ಕುಡ್ಸಿದ್ದೆ ಅಲ್ಲ, ಅದ್ಕೇ ಇಟ್ಟಿರ್ಬೇಕು ಅಂತ ತಿಳ್ಕಂಡೆ" ಎನ್ನುತ್ತಾರೆ ವೈಜಯಂತಿ. "ಕೇಳೂಕೆ ನಾಚ್ಕೆ ಆಯ್ತು. ಕೇಳಿದ್ರೆ ಅವ್ರಿಗೆ ಬೇಜಾರಾಗೂದು ಅಂತ ಮಾಡ್ದೆ."

ಅದು ಕಡಲು ಸುತ್ತಿಸುವ ದೋಣಿಯವನಿಗೆ ಕೊಡಲೆಂದು ತೆಗೆದಿಟ್ಟ ದುಡ್ಡು. ಫ್ಯಾನಿನ ಗಾಳಿಗೆ ಹಾರಬಾರದೆಂದು ಗಂಡಸು ಲೋಟ ಹೇರಿ ಇಟ್ಟಿದ್ದರು, ಇಳಿಯುವಾಗ ಮರೆತರು. ತಿಂಡಿ ಮುಗಿಸಿ ಮೇಲೆ ಬಂದು ನೋಡಿದರೆ ಇಲ್ಲ. ಆಮೇಲಿನದ್ದು ನಡೆದದ್ದು ಕೌಂಟರಿನ ಮುಂದೆ, ಚಹಾ ಕುಡಿಯುತ್ತಿದ್ದ ಜನರೆದುರು. ವೈಜಯಂತಿ ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟರು. ಲೋಟದ ಮಾತು ಹೇಳಲು ಹೋದರೆ ಮ್ಯಾನೇಜರ್ ರೂಪೇಶ ಬಾಯಿ ಮುಚ್ಚಿಸಿದರು. ಸಾವಿರ ರೂಪಾಯಿ ಭಕ್ಷೀಸು ಯಾವ ಊರಲ್ಲಿ ಕೊಡುತ್ತಾರೆ ಎಂದರು. ವೈಜಯಂತಿಯಿಂದ ಕೈ ಮುಗಿಸಿ ತಪ್ಪಾಯಿತು ಎಂದು ಹೇಳಿಸಿದರು. ಹಿಂದಿನ ಸಂಜೆ ಕೈ ಹಿಡಿದುಕೊಂಡಿದ್ದ ತಾಯಿ ಆ ಹೊತ್ತಿಗೆ ಕಾರಿನಲ್ಲಿ ಕೂತು ಗಾಜು ಏರಿಸಿದ್ದರು. ನೋಟು ಎಣಿಸಿ ಕಿಸೆಗೆ ಹಾಕಿಕೊಂಡ ಆ ಗಂಡಸಿಗೆ ಅದರಲ್ಲಿ ಒಂದನ್ನು ತೆಗೆದು ಗಂಜಿಯ ಋಣಕ್ಕೆಂದು ಕೊಡಬೇಕು ಅನ್ನಿಸಲಿಲ್ಲ. ಊರಿಗೆ ಹೋಗಿ ಇಂಟರ್‌ನೆಟ್ಟಿನಲ್ಲಿ ಬರೆದರು: ಕೋಣೆ ಚೊಕ್ಕ, ಕೆಲಸದವರ ಕೈ ಚೊಕ್ಕ ಇಲ್ಲ.

ವಾರದೊಳಗೆ ಎಲ್ಲ ಕೋಣೆಗಳಲ್ಲಿ ಬೋರ್ಡು ಬಂತು. ಕೆಲಸದವರ ಕೈಗೆ ಹಣ ಕೊಡಬೇಡಿ, ಕೋಣೆಯಲ್ಲೂ ಇಡಬೇಡಿ, ಸಂತೋಷವಾಗಿದ್ದರೆ ಕೆಳಗಿನ ಚೌಕ ಸ್ಕ್ಯಾನ್ ಮಾಡಿ ಎಂದು. ಸ್ಕ್ಯಾನ್ ಮಾಡಿದ ದುಡ್ಡು ಲಾಡ್ಜಿನ ಖಾತೆಗೆ ಹೋಗುತ್ತದೆ. ಲೆಕ್ಕ ಹಾಕಿ ಹಂಚುತ್ತೇವೆ ಎಂದು ರೂಪೇಶ ಹೇಳಿ ತಿಂಗಳುಗಳಾದವು. ಹಂಚಿದ್ದನ್ನು ಕಂಡವರಿಲ್ಲ. ಶನಿವಾರದ ಡಬ್ಬಿ ಬರಿದಾಗಿದೆ.

ಪ್ರವಾಸಕ್ಕೆ ಹೋಗುವ ನಮ್ಮ ಜನರನ್ನು ಇಲ್ಲೊಂದು ಮಾತು ಕೇಳಬೇಕು. ಹಾಸಿಗೆಯ ಮೇಲೆ ಚಿಲ್ಲರೆ ಎಸೆದು ಹೋಗುತ್ತೀರಿ. ಅಂಗಡಿಯವನು ಬೇಡವೆಂದ ಹರಕು ನೋಟನ್ನು ಗುಡಿಸುವವಳಿಗೆ ದಾಟಿಸುತ್ತೀರಿ. ಹತ್ತು ರೂಪಾಯಿ ಕೊಟ್ಟು ಹತ್ತು ಕೆಲಸ ಹೇಳುತ್ತೀರಿ. ಭಕ್ಷೀಸು ಕೊಡಲೇಬೇಕೆಂದು ಯಾವ ಕಾನೂನೂ ಇಲ್ಲ. ಸರಿಯಾದ ಸಂಬಳವನ್ನು ಯಜಮಾನ ಕೊಟ್ಟರೆ ಬೇಕಾಗಿಯೂ ಇಲ್ಲ. ಆದರೆ ಕೊಡುವುದಾದರೆ ಎದುರಿಗೆ ನಿಂತು, ಮುಖ ನೋಡಿ ಕೊಡಲು ಏನು ಕಷ್ಟ? ನಿಮ್ಮ ಹೇಲು ಉಚ್ಚೆ ಬಳಿದವರ ಮುಖ ನೋಡಲು ಅಷ್ಟು ಸಂಕೋಚವೇ?

ವೈಜಯಂತಿ ಇಷ್ಟು ಸಿಟ್ಟಿನಿಂದ ಹೇಳುವುದಿಲ್ಲ. "ಕೈಯಾಗೆ ಕೊಡ್ಲಿ. ಇದು ನಿಂಗೆ ಅಂತ ಒಂದು ಮಾತು ಹೇಳ್ಲಿ. ಐದ್ರೂಪಾಯಿ ಆದ್ರೂ ಅಡ್ಡಿಲ್ಲ, ಅದು ನಂದು ಅಂತಾದ್ರೂ ಗೊತ್ತಾಗ್ತದೆ" ಎನ್ನುತ್ತಾರೆ.

ಆದರೆ ಅವರನ್ನು ತಿನ್ನುತ್ತಿರುವುದು ಆ ಕುಟುಂಬವೂ ಅಲ್ಲ, ರೂಪೇಶರೂ ಅಲ್ಲ. ಹೀರಾ ಮತ್ತು ತಿಮ್ಮಿ ವೈಜಯಂತಿಯೊಡನೆ ಮಾತು ಬಿಟ್ಟಿದ್ದಾರೆ. ಮೊದಲು ಮೂವರೂ ಹಿತ್ತಿಲ ನೀರಿನ ಟಾಕಿಯ ಬದಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು, ಒಬ್ಬರ ಸಾರು ಇನ್ನೊಬ್ಬರ ಅನ್ನಕ್ಕೆ ಬೀಳುತ್ತಿತ್ತು. ಈಗ ವೈಜಯಂತಿ ಮೆಟ್ಟಿಲ ಕೆಳಗೆ, ಬಕೆಟ್ಟುಗಳ ನಡುವೆ ಕೂತು ಉಣ್ಣುತ್ತಾರೆ. ಬೋರ್ಡು ಯಾಕೆ ಹಾಕಿದಿರಿ ಎಂದು ಹೀರಾ ಜಗಳಕ್ಕೆ ಹೋದಾಗ ರೂಪೇಶ ಹೇಳಿದ್ದು ಇಷ್ಟು: ಒಬ್ಬಳಿಂದ ಹಾಕಿದ್ದು, ಅವಳೊಬ್ಬಳು ಇಲ್ಲದಿದ್ದರೆ ಬೋರ್ಡಿನ ಅಗತ್ಯ ಏನಿದೆ?

ಪತ್ರಿಕೆಯವರು ಬಂದದ್ದು ತಿಳಿದು ಹೀರಾ ತಾವೇ ಬಂದು ಎದುರು ನಿಂತರು. ಗಟ್ಟಿ ಹೆಂಗಸು. ಬಕೆಟ್ಟು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟರು. "ಬರ್ಕಳಿ. ಅವಳು ಕಳ್ಳಿ ಅಲ್ಲ. ಆ ದಿನ ನಾ ಆ ಕೋಣೆಗೆ ಹೋಗಿದ್ರೆ ನಾನೂ ತಕ್ಕಂತಿದ್ದೆ. ಆದ್ರೆ ಅವಳು ಕಳ್ಳಿ ಅಲ್ಲ ಅಂದ್ರೆ ನಮ್ಮವ್ವಗೆ ಔಷ್ದಿ ಬತ್ತದಾ?" ಎಂದರು. ವೈಜಯಂತಿ ಅಲ್ಲೇ ನಾಲ್ಕು ಮಾರು ದೂರದಲ್ಲಿ ಚಾದರ ಹಿಂಡುತ್ತಿದ್ದರು. ಹೀರಾ ಆ ಕಡೆ ಒಮ್ಮೆಯೂ ತಿರುಗಲಿಲ್ಲ. ಇವರೂ ಹಿಂಡುವುದು ನಿಲ್ಲಿಸಲಿಲ್ಲ.

ಕಳೆದ ವಾರ ವೈಜಯಂತಿ ಕೆಲಸ ಬಿಡುವುದಾಗಿ ಹೇಳಿದ್ದಾರೆ. ಈ ತಿಂಗಳು ಕಡೆ. ಆಮೇಲೆ ಅಂಕೋಲೆ ಬಳಿಯ ಕೇಣಿ ಊರಲ್ಲಿ ಮೀನು ಒಣಗಿಸುವ ಕಡೆ ಕರೆದ ದಿನ ಕೆಲಸ, ಕರೆಯದ ದಿನ ಇಲ್ಲ. ತುಳಸಿದಾಸ ಬೇಡವೆಂದರಂತೆ. ಹೆಂಡತಿ ಕೇಳಲಿಲ್ಲ. ರೂಪೇಶರ ಮೇಜಿನ ಮುಂದೆ ನಿಂತು, ನಾ ಹೋಗ್ತೇನೆ, ಇನ್ನು ಬೋರ್ಡು ತೆಗೆಸಿ ಎಂದು ಕೇಳಿದಾಗ ರೂಪೇಶ ಫೋನಿನಿಂದ ತಲೆ ಎತ್ತಲಿಲ್ಲ. ಬೋರ್ಡು ಯಜಮಾನರಿಗೆ ಹಿಡಿಸಿದೆ, ಅಂಕೋಲೆಯಲ್ಲಿ ಕಟ್ಟುತ್ತಿರುವ ಹೊಸ ಲಾಡ್ಜಿಗೂ ಅದನ್ನೇ ಮಾಡಲು ಕೊಟ್ಟಾಗಿದೆ ಎಂದರು. ಕೆಲಸಕ್ಕೆ ಬೇರೆಯವರನ್ನು ಆಗಲೇ ಗೊತ್ತು ಮಾಡಿಯೂ ಇದ್ದರು.

ಅಂದರೆ ಇವರು ಹೋಗುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಉಳಿಯಬಾರದೇ ಎಂದು ಕೇಳಿದರೆ ವೈಜಯಂತಿ ತಲೆಯಾಡಿಸುತ್ತಾರೆ. ಮೆಟ್ಟಿಲ ಕೆಳಗೆ ಕೂತು ಉಂಡ ಅನ್ನ ಮೈಗೆ ಹತ್ತುವುದಿಲ್ಲವಂತೆ.

ಹೋಗುವ ಮುಂಚೆ ಏನಾದರೂ ಆಸೆ ಇದೆಯೇ? ಹಿಂಡಿದ ಚಾದರವನ್ನು ತಂತಿಗೆ ಹಾಕಿ, ಎರಡೂ ತುದಿ ಎಳೆದು ಸುಕ್ಕು ತೆಗೆಯುತ್ತ ಅವರು ಹೇಳಿದರು.

"ಕಡೇ ದಿನ ಹೀರಾ ನನ್ ಕೂಡೆ ಒಂದು ಮಾತಾಡ್ಲಿ, ಬೈದ್ರೂ ಅಡ್ಡಿಲ್ಲ. ಹೆಣಾನ ಹೊರಗೆ ಹಾಕೂವಾಗ್ಲೂ ಹೆಸ್ರು ಹಿಡ್ದು ನಾಕು ಮಾತು ಆಡ್ತ್ರು."