ಲಿಂಬಿ ಗಿಡಕ್ಕ ಮೂರು ತಂಬಿಗಿ ನೀರು

ಇವತ್ತು ಬಾಲ್ಕನಿಯ ಲಿಂಬಿ ಗಿಡದ ಹಳದಿ ಎಲಿ ಹಿಸುಕಿದೆ. ಆ ವಾಸನಿಗೆ ಬನಹಟ್ಟಿಯ ಅತ್ತಿ ಮನಿ ನೆನಪಾತು.

ಸಾಲಿ ಛಲೋ ಐತಿ ಅಂತ ಅಪ್ಪ ನನ್ನ ಅಲ್ಲಿ ಬಿಟ್ಟು ಹೋಗಿದ್ದ. ಅತ್ತಿ ದಿನಪೂರ್ತಿ ಕುಣಿಮಗ್ಗದಾಗ ಕುಂತು ಸೀರಿ ನೇಯತಿದ್ದಳು. ಆ ಸಪ್ಪಳದಾಗ ನಾ ಕರದ್ರ ಕೇಳತಿರಲಿಲ್ಲ. ನೂಲಿಗೆ ಬಣ್ಣ ಹಾಕೋ ಹಳೇ ಮಣ್ಣಿನ ಬಾನಿಯೊಳಗ ನಾನ ಒಂದು ಲಿಂಬಿ ಸಸಿ ಹಚ್ಚಿ, ಅದರ ಜೋಡಿ ಮಾತಾಡತಿದ್ದೆ. ಮಾತಿಗೊಂದು ತಂಬಿಗಿ ನೀರು. ಎಲಿ ಹಳದಿ ಆದವು. ಇನ್ನಷ್ಟು ಹಾಕಿದೆ.

ಒಂದಿನ ಅತ್ತಿ ಮಗ್ಗ ನಿಲ್ಲಿಸಿ ಬಂದು ಮಣ್ಣಾಗ ಬೆರಳಿಟ್ಟಳು. "ಇದಕ್ಕ ನೀರಡಿಕಿ ಆಗಿಲ್ಲೋ, ಮುಳಗಾಕತ್ತೈತಿ."

ಬಣ್ಣ ಸೋರಬಾರದಂತ ಆ ಬಾನಿಗೆ ತೂತು ಇರಲಿಲ್ಲ. ಅತ್ತಿ ಮೊಳಿ ಬಡದು ತಳಕ್ಕ ತೂತು ಹಾಕಿದಳು. ಕೆಂಪು ನೀರು ಅಂಗಳಕ್ಕ ಹರೀತು.

"ಬೆರಳಿಗೆ ಮಣ್ಣು ಒಣಗಿದ್ದು ಗೊತ್ತಾದ್ರ ಮಾತ್ರ ನೀರು ಹಾಕು. ಮಾತಾಡೋದಿದ್ರ ನನ್ನ ಕಡೆ ಬಾ," ಅಂದು ಮಗ್ಗದ ಬಾಜೂಕ ಒಂದು ಚಾಪಿ ಹಾಸಿದಳು.

ಈಗಿನ ನನ್ನ ಕುಂಡಕ್ಕ ತೂತು ಅದಾವ. ಬೆರಳಿಟ್ಟು ನೋಡಿದೆ, ಮಣ್ಣು ಹಸೀನ ಐತಿ. ಆದ್ರೂ ಮುಂಜಾನಿಂದ ಮಾತಿಗೊಂದರಂಗ ಮೂರು ತಂಬಿಗಿ ಹಾಕೇನಿ.